ಓವನ್ ಹಾಕಿದೊಡನೆ ವೈ-ಫೈ ಏಕೆ ತಡವರಿಸುತ್ತದೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಮನೆಯ ವೈ-ಫೈ ಕುರಿತು ಬರೆದ ಪತ್ರಗಳಲ್ಲಿ ಒಂದೇ ದೂರು ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಂಡಿದೆ: ಸಂಪರ್ಕವಿದೆ, ತಿಂಗಳ ಹಣ ಕಟ್ಟಿದ್ದಾಗಿದೆ, ಆದರೂ ದಿನದ ಕೆಲವು ಹೊತ್ತಿನಲ್ಲಿ, ಮನೆಯ ಕೆಲವು ಮೂಲೆಗಳಲ್ಲಿ ನೆಟ್ ನಿಂತುಬಿಡುತ್ತದೆ. ಮನೆಯೊಳಗಿನ ಸಾಧನಗಳಿಂದಲೇ ಹೀಗಾಗುತ್ತಿದೆ ಎಂದು ಅನುಮಾನಿಸಿ ಬರೆದವರ ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಳ್ಳಲಾಗಿದೆ. ಹೊಸ ರೌಟರ್ ಕೊಳ್ಳುವ ಮೊದಲು, ಸಂಪರ್ಕ ಒದಗಿಸಿದವರೊಡನೆ ವಾದಕ್ಕೆ ಇಳಿಯುವ ಮೊದಲು, ತೊಂದರೆ ತಂತಿಯಲ್ಲಿದೆಯೋ ಗಾಳಿಯಲ್ಲಿದೆಯೋ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಿ ತಿಳಿಯಬಹುದು. ಆ ಪರೀಕ್ಷೆಯನ್ನು ಮೊದಲ ಉತ್ತರದಲ್ಲಿ ವಿವರವಾಗಿ ಕೊಟ್ಟಿದೆ. ಉಳಿದ ಓದುಗರೂ ಅದನ್ನು ತಪ್ಪದೆ ಓದಬೇಕೆಂದು ಕೋರುತ್ತೇವೆ.

ಪ್ರಶ್ನೆ: ನಮ್ಮ ಮನೆ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕ್‌ನಲ್ಲಿದೆ. ಪಡಸಾಲೆಯ ಷೋಕೇಸಿನಲ್ಲಿ ಟಿ.ವಿ.ಯ ಹಿಂದೆ ರೌಟರ್ ಇದೆ. ಅದೇ ಗೋಡೆಯ ಆಚೆ ಅಡುಗೆಮನೆಯಲ್ಲಿ ಮೈಕ್ರೋವೇವ್ ಓವನ್ ಇದೆ. ಓವನ್ ಹಾಕಿದಾಗಲೆಲ್ಲ ಮಗನ ಆನ್‌ಲೈನ್ ತರಗತಿ ತುಂಡು ತುಂಡಾಗುತ್ತದೆ. ದೂರು ಕೊಟ್ಟರೆ ‘ನಮ್ಮ ಕಡೆಯಿಂದ ಎಲ್ಲ ಸರಿಯಿದೆ’ ಎನ್ನುತ್ತಾರೆ. ಓವನ್ನಿನಿಂದ ವಿಕಿರಣ ಸೋರುತ್ತಿದೆಯೇ? ಮಕ್ಕಳ ಆರೋಗ್ಯಕ್ಕೆ ಅಪಾಯವಿದೆಯೇ? (ಗೃಹಿಣಿ, ದಾವಣಗೆರೆ)

ಉತ್ತರ: ನೀವು ಗಮನಿಸಿರುವುದು ಸರಿ, ಸಂಪರ್ಕ ಕೊಟ್ಟವರು ಹೇಳುತ್ತಿರುವುದೂ ಸರಿಯೇ ಇರಬಹುದು. ಅವರ ತಂತಿ ರೌಟರಿಗೆ ಬಂದು ಮುಗಿಯುತ್ತದೆ. ರೌಟರಿನಿಂದ ನಿಮ್ಮ ಮಗನ ಫೋನಿನವರೆಗಿನ ದಾರಿ ರೇಡಿಯೋ ಅಲೆಯದು, ಮತ್ತು ಆ ದಾರಿಯಲ್ಲಿ ಓವನ್ ಅಡ್ಡ ಬರುತ್ತಿದೆ.

ಅನೇಕ ಮನೆಗಳಲ್ಲಿ ವೈ-ಫೈ ನಡೆಯುವುದು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ, ಅಂದರೆ 2400 ರಿಂದ 2483.5 ಮೆಗಾಹರ್ಟ್ಸ್ ನಡುವೆ. ಓವನ್ನಿನೊಳಗೆ ಆಹಾರವನ್ನು ಬಿಸಿ ಮಾಡುವ ಮ್ಯಾಗ್ನೆಟ್ರಾನ್ ಎಂಬ ಭಾಗ ಹೊರಡಿಸುವ ಅಲೆಯೂ 2450 ಮೆಗಾಹರ್ಟ್ಸ್ ಆಸುಪಾಸಿನದೇ. ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ 1947ರಲ್ಲಿ ನಡೆದ ಅಂತರರಾಷ್ಟ್ರೀಯ ದೂರಸಂಪರ್ಕ ಸಮ್ಮೇಳನದಲ್ಲಿ ಈ ಪಟ್ಟಿಯನ್ನು ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಕೀಯ ಉಪಕರಣಗಳ ಬಳಕೆಗೆಂದು ಗೊತ್ತುಪಡಿಸಲಾಯಿತು. ವೈ-ಫೈಯ ಮೊದಲ ಮಾನದಂಡ ಹೊರಬಂದದ್ದು 1997ರಲ್ಲಿ. ನಮ್ಮ ದೇಶದಲ್ಲಿ ಈ ಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಲು ಅನುಮತಿ ದೊರೆತದ್ದು 2005ರಲ್ಲಿ. ಓವನ್ ಮೊದಲೇ ಇದ್ದ ಜಾಗಕ್ಕೆ ವೈ-ಫೈ ಆಮೇಲೆ ಬಂದಿದೆ, ಮತ್ತು ಅಲ್ಲಿನ ಗದ್ದಲವನ್ನು ಸಹಿಸಿಕೊಂಡೇ ಕೆಲಸ ಮಾಡಬೇಕೆಂಬುದು ಅದಕ್ಕೆ ಹಾಕಿರುವ ಷರತ್ತು.

ಓವನ್ನಿನೊಳಗೆ 700 ರಿಂದ 1000 ವಾಟ್‌ನಷ್ಟು ರೇಡಿಯೋ ಶಕ್ತಿ ಹುಟ್ಟುತ್ತದೆ. ರೌಟರ್ ಗಾಳಿಗೆ ಬಿಡುವುದು ಸಾಮಾನ್ಯವಾಗಿ 0.1 ವಾಟ್ ಆಸುಪಾಸು; ಅದರಲ್ಲೂ ಫೋನಿಗೆ ತಲುಪುವುದು ವಾಟ್‌ನ ಹತ್ತು ಕೋಟಿ ಪಾಲುಗಳಲ್ಲಿ ಒಂದು ಪಾಲಿಗಿಂತ ಕಡಿಮೆ. ಓವನ್ನಿನ ಬಾಗಿಲನ್ನು ಹತ್ತಿರದಿಂದ ನೋಡಿದರೆ ಗಾಜಿನ ಹಿಂದೆ ಒಂದೆರಡು ಮಿಲಿಮೀಟರ್ ರಂಧ್ರಗಳ ಲೋಹದ ಜಾಲರಿ ಕಾಣುತ್ತದೆ. ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್ ಇರುವುದರಿಂದ ಅದು ಆ ರಂಧ್ರಗಳನ್ನು ದಾಟಲಾರದು. ಬೆಳಕಿನ ಅಲೆ ಅತಿ ಚಿಕ್ಕದಾದ್ದರಿಂದ ದಾಟಿ ಬಂದು ಒಳಗಿನ ತಟ್ಟೆ ತಿರುಗುವುದು ನಮಗೆ ಕಾಣುತ್ತದೆ. ಆದರೂ ಬಾಗಿಲಿನ ಅಂಚಿನ ಸಂದಿನಿಂದ ಅತ್ಯಲ್ಪ ಪ್ರಮಾಣದ ಅಲೆ ಹೊರಬರುವುದನ್ನು ಪೂರ್ತಿ ತಡೆಯಲಾಗುವುದಿಲ್ಲ. ಆ ಅತ್ಯಲ್ಪವೇ ರೌಟರಿನ ಪಾಲಿಗೆ ದೊಡ್ಡದು: ದುಗ್ಗಮ್ಮನ ಜಾತ್ರೆಯ ಧ್ವನಿವರ್ಧಕದ ಕೆಳಗೆ ನಿಂತು ಪಿಸುಮಾತಿನಲ್ಲಿ ಲೆಕ್ಕ ಹೇಳಿದ ಹಾಗೆ ಆಗುತ್ತದೆ.

ವೈ-ಫೈ ಸಾಧನ ಮಾತನಾಡುವ ಮೊದಲು ಕಿವಿಗೊಟ್ಟು ಆಲಿಸುತ್ತದೆ. ಪಟ್ಟಿಯಲ್ಲಿ ಗದ್ದಲ ಹೆಚ್ಚಿದ್ದರೆ ಕಾಯುತ್ತದೆ; ಕಳಿಸಿದ ಮಾಹಿತಿಯ ತುಣುಕು ಕೆಟ್ಟುಹೋದರೆ ಮತ್ತೆ ಕಳಿಸುತ್ತದೆ; ಪದೇ ಪದೇ ಕೆಟ್ಟರೆ ಸಂಕೇತ ದುರ್ಬಲವಾಗಿದೆ ಎಂದು ತಿಳಿದು ವೇಗವನ್ನೇ ಇಳಿಸುತ್ತದೆ. ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಇರುವ ಓವನ್ನಿನಲ್ಲಿ ಮ್ಯಾಗ್ನೆಟ್ರಾನ್ ವಿದ್ಯುತ್ತಿನ ಪ್ರತಿ ಆವರ್ತದ ಅರ್ಧಭಾಗದಲ್ಲಷ್ಟೇ ಕೆಲಸ ಮಾಡುತ್ತದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದ್ದರಿಂದ ಸುಮಾರು 10 ಮಿಲಿಸೆಕೆಂಡ್ ಗದ್ದಲ, ಮತ್ತೆ 10 ಮಿಲಿಸೆಕೆಂಡ್ ಮೌನ, ಹೀಗೆ ಸಾಗುತ್ತದೆ. ಆ ಮೌನದ ಬಿಡುವುಗಳಲ್ಲಿ ಒಂದಷ್ಟು ಮಾಹಿತಿ ದಾಟಿಕೊಳ್ಳುವುದರಿಂದ ಸುದ್ದಿ ಓದುತ್ತಿರುವವರಿಗೆ ಏನೂ ಗೊತ್ತಾಗದಿರಬಹುದು. ಮೊದಲೇ ತುಂಬಿಸಿಕೊಂಡು ತೋರಿಸುವ ಚಲನಚಿತ್ರವೂ ಓಡುತ್ತಿರಬಹುದು. ತಡವನ್ನು ಸಹಿಸದ ವೀಡಿಯೊ ಕರೆ ಮತ್ತು ಆನ್‌ಲೈನ್ ತರಗತಿ ಮಾತ್ರ ಕಡಿದು ಕಡಿದು ಬರುತ್ತವೆ. ನಿಮ್ಮ ಮನೆಯಲ್ಲಿ ಆಗುತ್ತಿರುವುದು ಇದೇ ಇರಬೇಕು.

ಆರೋಗ್ಯದ ಬಗ್ಗೆ ನಿಮ್ಮ ಆತಂಕ ಸಹಜ. ಓವನ್ನಿನ ಮೇಲ್ಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಸೋರಿಕೆ ಪ್ರತಿ ಚದರ ಸೆಂಟಿಮೀಟರಿಗೆ 5 ಮಿಲಿವಾಟ್ ಮೀರಬಾರದು ಎಂಬುದು ಸುರಕ್ಷತೆಯ ಮಾನದಂಡ, ಮತ್ತು ದೂರ ಎರಡರಷ್ಟಾದರೆ ಅಲೆಯ ತೀವ್ರತೆ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಈ ಮಿತಿಗಿಂತ ಬಹಳ ಕಡಿಮೆ ಸೋರಿಕೆಯಿರುವ, ಪೂರ್ತಿ ಸುರಕ್ಷಿತವಾದ ಓವನ್ ಕೂಡ ವೈ-ಫೈಗೆ ತೊಂದರೆ ಕೊಡಬಲ್ಲದು. ಆದ್ದರಿಂದ ವೈ-ಫೈ ನಿಂತಿತೆಂದ ಮಾತ್ರಕ್ಕೆ ಓವನ್ ಕೆಟ್ಟಿದೆ ಎಂದು ತಿಳಿಯಬೇಕಾಗಿಲ್ಲ. ಆದರೆ ಬಾಗಿಲು ಸೊಟ್ಟಗಾಗಿದ್ದರೆ, ಕೀಲು ಸಡಿಲವಾಗಿದ್ದರೆ, ಗಾಜು ಬಿರುಕು ಬಿಟ್ಟಿದ್ದರೆ ಅಥವಾ ಜಾಲರಿ ಹರಿದಿದ್ದರೆ, ದುರಸ್ತಿ ಮಾಡಿಸುವವರೆಗೆ ಅದನ್ನು ಖಂಡಿತ ಬಳಸಬೇಡಿ. ಓವನ್ನಿನೊಳಗೆ ಮೊಬೈಲ್ ಇಟ್ಟು ಕರೆ ಮಾಡಿ, ರಿಂಗಾದರೆ ಸೋರಿಕೆ ಇದೆ ಎನ್ನುವ ಪರೀಕ್ಷೆಯನ್ನು ಹಲವರು ಹೇಳಿಕೊಡುತ್ತಾರೆ. ಅದು ನಂಬತಕ್ಕದ್ದಲ್ಲ. ಮೊಬೈಲ್ ಬಳಸುವ ತರಂಗಪಟ್ಟಿಗಳೇ ಬೇರೆ, ಮತ್ತು ಅತ್ಯಂತ ಕ್ಷೀಣ ಸಂಕೇತಕ್ಕೂ ಅದು ರಿಂಗಾಗುತ್ತದೆ. ಜೊತೆಗೆ ಯಾರಾದರೂ ತಿಳಿಯದೆ ಗುಂಡಿ ಒತ್ತಿಬಿಟ್ಟರೆ ಅನಾಹುತವಾದೀತು.

ಈಗ ಪರೀಕ್ಷೆಗೆ ಬರೋಣ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ ಮೂಲಕ ನೇರವಾಗಿ ರೌಟರಿಗೆ ಜೋಡಿಸಿ, ಅದರ ವೈ-ಫೈಯನ್ನು ಆರಿಸಿ. ಗಾಜಿನ ಲೋಟದಲ್ಲಿ ನೀರು ತುಂಬಿ ಓವನ್ನಿನಲ್ಲಿಟ್ಟು ಒಂದು ನಿಮಿಷ ಓಡಿಸಿ. ಖಾಲಿ ಓವನ್ ಎಂದಿಗೂ ಓಡಿಸಬಾರದು. ಕೇಬಲ್ಲಿನಲ್ಲಿ ನೆಟ್ ಸರಾಗವಾಗಿದ್ದು, ಕೇಬಲ್ ಕಿತ್ತು ವೈ-ಫೈಗೆ ಬಂದೊಡನೆ ತಡವರಿಸಿದರೆ ತೊಂದರೆ ಗಾಳಿಯದು ಎಂಬುದು ಸ್ಪಷ್ಟ. ಎರಡರಲ್ಲೂ ಒಂದೇ ಬಗೆಯಲ್ಲಿ ನಿಂತರೆ ಓವನ್ನಿನ ತಪ್ಪಿಲ್ಲ. ಆಗ ಸಂಪರ್ಕ ಕೊಟ್ಟವರನ್ನು ಕರೆಸಿ, ಕೇಬಲ್ಲಿನಲ್ಲೇ ಪರೀಕ್ಷಿಸಿ ನೋಡಿದ್ದೇವೆ ಎಂದು ಹೇಳಿ. ಆ ಒಂದು ಮಾತಿನಿಂದ ಅರ್ಧ ವಾದ ಮುಗಿಯುತ್ತದೆ. ಇನ್ನೂ ನಿಖರವಾಗಿ ತಿಳಿಯಬೇಕೆಂದರೆ ವೈ-ಫೈಯಲ್ಲಿದ್ದುಕೊಂಡು ರೌಟರಿನ ವಿಳಾಸಕ್ಕೆ, ಅಂದರೆ ಸಾಮಾನ್ಯವಾಗಿ 192.168.1.1 ಅಥವಾ 192.168.0.1ಕ್ಕೆ, ನಿಲ್ಲದೆ ಪಿಂಗ್ ಮಾಡುತ್ತಿರಿ, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಹಿಡಿಯುವ ಹೊತ್ತನ್ನು ಅಳೆಯುತ್ತಿರಿ. ಓವನ್ ನಿಂತಿದ್ದಾಗ ಉತ್ತರ ಕೆಲವೇ ಮಿಲಿಸೆಕೆಂಡುಗಳಲ್ಲಿ ಬರುತ್ತದೆ. ಓವನ್ ಓಡುವಾಗ ಅದು ನೂರಾರು ಮಿಲಿಸೆಕೆಂಡಿಗೆ ಏರಿದರೆ ಅಥವಾ ಉತ್ತರವೇ ಬಾರದಿದ್ದರೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಪರಿಹಾರಕ್ಕೆ ಮೊದಲು ಹಣ ಬೇಡ, ಜಾಗ ಬದಲಾಯಿಸಿದರೆ ಸಾಕು. ರೌಟರನ್ನು ಅಡುಗೆಮನೆಯ ಗೋಡೆಯಿಂದ ತೆಗೆದು ಪಡಸಾಲೆಯ ಎದುರು ಬದಿಗೆ, ಎದೆಮಟ್ಟಕ್ಕಿಂತ ಎತ್ತರದಲ್ಲಿ, ತೆರೆದ ಜಾಗದಲ್ಲಿಡಿ. ಟಿ.ವಿ.ಯ ಹಿಂಭಾಗದ ಲೋಹದ ತಗಡು, ಉಕ್ಕಿನ ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ಇವೆಲ್ಲವೂ ಅಲೆಯನ್ನು ತಡೆಯುತ್ತವೆ ಅಥವಾ ಹೀರುತ್ತವೆ. ಫೋನು ರೌಟರಿಗೆ ಹತ್ತಿರವೂ ಓವನ್ನಿಗೆ ದೂರವೂ ಇದ್ದಷ್ಟು ಒಳ್ಳೆಯದು. ಮಗ ತರಗತಿಗೆ ಕೂರುವ ಜಾಗವನ್ನೂ ಇದೇ ಲೆಕ್ಕದಲ್ಲಿ ಗೊತ್ತುಮಾಡಿ.

ಇಷ್ಟರಿಂದ ಸಾಲದಿದ್ದರೆ 5 ಗಿಗಾಹರ್ಟ್ಸ್ ಪಟ್ಟಿಗೆ ಹೋಗಿ. ಓವನ್ನಿನ ಗದ್ದಲ ಅಲ್ಲಿಗೆ ತಲುಪುವುದಿಲ್ಲ. ನಮ್ಮ ದೇಶದಲ್ಲಿ 2018ರಲ್ಲಿ ಈ ಪಟ್ಟಿಯ ಬಹುಭಾಗವನ್ನು ಪರವಾನಗಿಯಿಂದ ಮುಕ್ತಗೊಳಿಸಿದ ಮೇಲೆ ಎರಡೂ ಪಟ್ಟಿಗಳ ರೌಟರ್ ಸಾಮಾನ್ಯವಾಗಿದೆ. ನಿಮ್ಮ ರೌಟರಿನ ಹಿಂಬದಿಯ ಚೀಟಿಯಲ್ಲಿ ಎರಡು ಹೆಸರುಗಳಿದ್ದು ಒಂದರ ಕೊನೆಯಲ್ಲಿ 5 ಎಂದಿದ್ದರೆ ಅದು ನಿಮ್ಮಲ್ಲಿ ಈಗಾಗಲೇ ಇದೆ. ಎರಡಕ್ಕೂ ಒಂದೇ ಹೆಸರಿದ್ದರೆ ಫೋನು ಯಾವುದನ್ನು ಹಿಡಿದಿದೆ ಎಂಬುದು ನಮಗೆ ತಿಳಿಯದು. ಸೆಟ್ಟಿಂಗ್ಸ್‌ನಲ್ಲಿ ಬೇರೆ ಬೇರೆ ಹೆಸರು ಕೊಟ್ಟು ತರಗತಿಯ ಸಾಧನವನ್ನು 5ಕ್ಕೇ ಜೋಡಿಸಿ. ರೌಟರ್ ಹಳೆಯದಾಗಿದ್ದು 2.4 ಮಾತ್ರ ಇದ್ದರೆ, ಪಟ್ಟಿಯನ್ನು ಹಂಚಿದ ಪಾಲುಗಳಾದ ಚಾನೆಲ್‌ಗಳಲ್ಲಿ 1ನೆಯದನ್ನು ಆರಿಸಿ ನೋಡಿ. ಅದರ ಮಧ್ಯಬಿಂದು 2412 ಮೆಗಾಹರ್ಟ್ಸ್. ಓವನ್ನಿನ ಗದ್ದಲ ಸಾಮಾನ್ಯವಾಗಿ ಪಟ್ಟಿಯ ಮಧ್ಯ ಮತ್ತು ಮೇಲ್ಭಾಗದಲ್ಲಿ ಹೆಚ್ಚಿರುವುದರಿಂದ ಆ ತುದಿಯಲ್ಲಿ ಸ್ವಲ್ಪ ನೆಮ್ಮದಿ ಸಿಗುತ್ತದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಲ್ಯಾಪ್‌ಟಾಪಿಗೆ ಹೊರಗಿನ ಹಾರ್ಡ್ ಡಿಸ್ಕ್ ಜೋಡಿಸಿ ಕಡತಗಳನ್ನು ನಕಲು ಮಾಡುವಾಗ ವೈ-ಫೈ ತೀರಾ ನಿಧಾನವಾಗುತ್ತದೆ, ವೈರ್‌ಲೆಸ್ ಮೌಸ್ ಕೂಡ ತಡೆದು ತಡೆದು ಓಡುತ್ತದೆ. ಡಿಸ್ಕ್ ಕಿತ್ತರೆ ಎಲ್ಲವೂ ಸರಿಯಾಗುತ್ತದೆ. ಲ್ಯಾಪ್‌ಟಾಪ್ ಕೆಟ್ಟಿದೆಯೇ? (ವಿದ್ಯಾರ್ಥಿ, ಜೆ.ಸಿ.ಆರ್. ಬಡಾವಣೆ, ಚಿತ್ರದುರ್ಗ)

ಉತ್ತರ: ಲ್ಯಾಪ್‌ಟಾಪ್ ಕೆಟ್ಟಿಲ್ಲ. ರೇಡಿಯೋ ಸಾಧನವೇ ಅಲ್ಲದ ಡಿಸ್ಕು ವೈ-ಫೈಯನ್ನು ಕೆಡಿಸುತ್ತದೆ ಎಂಬುದನ್ನು ನಂಬುವುದು ಕಷ್ಟ, ಆದರೆ ಇದು ಚೆನ್ನಾಗಿ ದಾಖಲಾಗಿರುವ ತೊಂದರೆ; ಇಂಟೆಲ್ ಸಂಸ್ಥೆಯೇ 2012ರಲ್ಲಿ ಇದರ ಅಳತೆಗಳನ್ನು ಪ್ರಕಟಿಸಿದೆ. ಇಂಥ ಡಿಸ್ಕುಗಳನ್ನು ಜೋಡಿಸುವ ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾಹಿತಿ ಸಾಗಿಸುತ್ತದೆ. ಅಷ್ಟು ವೇಗದ ವಿದ್ಯುತ್ ಏರಿಳಿತದಿಂದ ಹೊಮ್ಮುವ ಗದ್ದಲ ವಿಶಾಲವಾಗಿ ಹರಡಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ ಆವರಿಸುತ್ತದೆ. ಅದರ ಶಕ್ತಿ ಬಹಳ ಕಡಿಮೆ, ಆದರೆ ನಿಮ್ಮ ಲ್ಯಾಪ್‌ಟಾಪಿನ ವೈ-ಫೈ ಆಂಟೆನಾಕ್ಕೂ ಆ ಪೋರ್ಟಿಗೂ ನಡುವಿನ ಅಂತರ ಗೇಣುದ್ದವೂ ಇರಲಾರದು. ಮೌಸಿನ ಸಂಕೇತ ಹಿಡಿಯುವ ಪುಟ್ಟ ಡಾಂಗಲ್ ಪಕ್ಕದ ಪೋರ್ಟಿನಲ್ಲೇ ಕುಳಿತಿದ್ದರಂತೂ ಅದಕ್ಕೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಡಿಸ್ಕನ್ನು ಲ್ಯಾಪ್‌ಟಾಪಿನ ಮೇಲೆ ಅಥವಾ ಅಂಚಿಗೆ ಒತ್ತಿ ಇಡದೆ, ಕೇಬಲ್ ಬಿಡುವಷ್ಟು ದೂರ ಸರಿಸಿ. ಡಿಸ್ಕಿನೊಡನೆ ಬಂದ ಕೇಬಲ್ ಹಾಳಾಗಿ ಅಗ್ಗದ್ದನ್ನು ಕೊಂಡಿದ್ದರೆ ಅದನ್ನು ಬದಲಿಸಿ. ಒಳಗಿನ ಲೋಹದ ಕವಚ ಸರಿಯಿಲ್ಲದ ಕೇಬಲ್ಲೇ ಹೆಚ್ಚು ಗದ್ದಲ ಹೊರಬಿಡುತ್ತದೆ. ಮೌಸಿನ ಡಾಂಗಲನ್ನು ಎದುರು ಬದಿಯ ಪೋರ್ಟಿಗೆ ಹಾಕಿ, ಅಥವಾ ಒಂದಡಿ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೌಸಿನ ಹತ್ತಿರಕ್ಕೆ ತನ್ನಿ. ವೈ-ಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದರೆ ಆ ಭಾಗದ ತೊಂದರೆ ಬಹುತೇಕ ನೀಗುತ್ತದೆ. ರೌಟರಿನ ಬೆನ್ನಿಗೇ ಡಿಸ್ಕ್ ಅಥವಾ ಪೆನ್‌ಡ್ರೈವ್ ಸಿಕ್ಕಿಸಿ ಮನೆಮಂದಿಗೆಲ್ಲ ಸಿನಿಮಾ ಹಂಚುವವರೂ ಇದನ್ನು ಗಮನಿಸಬೇಕು, ಏಕೆಂದರೆ ಅಲ್ಲಿ ಕೆಡುವುದು ಒಂದು ಲ್ಯಾಪ್‌ಟಾಪಿನ ಸಂಪರ್ಕವಲ್ಲ, ಇಡೀ ಮನೆಯದು. ಕೆಲವು ರೌಟರುಗಳಲ್ಲಿ ಆ ಪೋರ್ಟನ್ನು ಯುಎಸ್‌ಬಿ 2.0 ವೇಗಕ್ಕೆ ಇಳಿಸುವ ಆಯ್ಕೆ ಇರುತ್ತದೆ. ಇದ್ದರೆ ಅದನ್ನು ಬಳಸಿ.

ಪ್ರಶ್ನೆ: ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮ ಸ್ವಂತ ಮನೆ. ಬೋರ್‌ವೆಲ್ ಮೋಟಾರ್ ಹಾಕಿದಾಗ, ಕೆಲವೊಮ್ಮೆ ಮಿಕ್ಸಿ ಹಾಕಿದಾಗಲೂ, ನೆಟ್ ಎರಡು ಮೂರು ನಿಮಿಷ ಪೂರ್ತಿ ಹೋಗಿ ತಾನಾಗಿಯೇ ಬರುತ್ತದೆ. ಇದೂ ಅಲೆಗಳ ಅಡಚಣೆಯೇ? (ನಿವೃತ್ತ ಶಿಕ್ಷಕರು, ದಾವಣಗೆರೆ)

ಉತ್ತರ: ಗುರುಗಳೇ, ನೀವು ಬರೆದಿರುವ ‘ಎರಡು ಮೂರು ನಿಮಿಷ’ ಎಂಬುದರಲ್ಲೇ ಕಾರಣ ಅಡಗಿದೆ. ರೇಡಿಯೋ ಅಡಚಣೆಯಾಗಿದ್ದರೆ ಮೋಟಾರ್ ಓಡುತ್ತಿರುವಷ್ಟು ಹೊತ್ತೂ ತೊಂದರೆ ಇದ್ದು, ನಿಲ್ಲಿಸಿದ ಕ್ಷಣ ಸರಿಯಾಗಬೇಕಿತ್ತು. ನಿಮ್ಮಲ್ಲಿ ಮೋಟಾರ್ ಓಡುತ್ತಿರುವಾಗಲೇ ನೆಟ್ ಮರಳಿ ಬರುತ್ತಿದೆ ಎಂದಾದರೆ, ಮೋಟಾರ್ ಚಾಲೂ ಆಗುವ ಆ ಒಂದು ಕ್ಷಣದಲ್ಲಿ ವೋಲ್ಟೇಜ್ ಕುಸಿದು ರೌಟರ್ ಆರಿ, ಮತ್ತೆ ಹೊತ್ತಿಕೊಳ್ಳುತ್ತಿದೆ ಎಂದೇ ಅರ್ಥ. ಪಂಪಿನ ಮೋಟಾರು ತಿರುಗಲು ಶುರುಮಾಡುವಾಗ ತನ್ನ ಸಾಮಾನ್ಯ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಮನೆಯ ದೀಪ ಒಮ್ಮೆ ಮಂಕಾಗಿ ಮತ್ತೆ ಬೆಳಗುವುದನ್ನು ನೀವು ನೋಡಿರುತ್ತೀರಿ. ದೀಪಕ್ಕೆ ಅದು ರೆಪ್ಪೆ ಬಡಿದಷ್ಟು ಹೊತ್ತು, ರೌಟರಿಗೆ ಮಾತ್ರ ಮೊದಲಿನಿಂದ ಎಚ್ಚೆತ್ತು ಸಂಪರ್ಕ ಹುಡುಕಿಕೊಳ್ಳಲು ನಿಮಿಷಗಳೇ ಬೇಕು.

ಮುಂದಿನ ಸಲ ಮೋಟಾರ್ ಹಾಕುವಾಗ ಮನೆಯವರೊಬ್ಬರನ್ನು ರೌಟರಿನ ಎದುರು ನಿಲ್ಲಿಸಿ. ದೀಪಗಳೆಲ್ಲ ಒಟ್ಟಿಗೆ ಆರಿ ಒಂದೊಂದಾಗಿ ಹೊತ್ತಿಕೊಂಡರೆ ಅದು ಮರುಚಾಲನೆ. ಯಾರೂ ನೋಡಲಾಗದಿದ್ದರೆ ರೌಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಅದು ಎಷ್ಟು ಹೊತ್ತಿನಿಂದ ನಿಲ್ಲದೆ ಓಡುತ್ತಿದೆ ಎಂಬ ಲೆಕ್ಕ ಇರುತ್ತದೆ; ಬೆಳಗ್ಗೆ ಮೋಟಾರ್ ಹಾಕಿದ ಹೊತ್ತಿನಿಂದಲೇ ಆ ಲೆಕ್ಕ ಆರಂಭವಾಗಿದ್ದರೆ ಅನುಮಾನ ಉಳಿಯುವುದಿಲ್ಲ. ಇದಕ್ಕೆ ಚಾನೆಲ್ ಬದಲಿಸಿ ಪ್ರಯೋಜನವಿಲ್ಲ. ರೌಟರಿಗೆಂದೇ ದೊರೆಯುವ ಪುಟ್ಟ ಡಿ.ಸಿ. ಯುಪಿಎಸ್, ಅಂದರೆ ಕರೆಂಟ್ ಕುಸಿದಾಗ ಆಸರೆಯಾಗುವ ಬ್ಯಾಟರಿ ಪೆಟ್ಟಿಗೆ, ಹಾಕಿಸಿ. ಕೊಳ್ಳುವ ಮೊದಲು ರೌಟರಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಬರೆದಿದೆ ನೋಡಿಕೊಳ್ಳಿ. ವೋಲ್ಟ್ ಅದೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಫೈಬರಿನ ಪೆಟ್ಟಿಗೆ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಅದರ ಆಸರೆ ಬೇಕು. ಒಂದಕ್ಕೆ ಮಾತ್ರ ಕೊಟ್ಟರೆ ಉಪಯೋಗವಾಗದು. ಮನೆಯಲ್ಲಿ ಇನ್ವರ್ಟರ್ ಇದ್ದರೂ ಕೆಲವು ಇನ್ವರ್ಟರುಗಳು ಬ್ಯಾಟರಿಗೆ ಬದಲಾಗುವಷ್ಟರಲ್ಲಿ ರೌಟರ್ ಆರಿಬಿಡುತ್ತದೆ. ಆ ತೊಂದರೆಗೂ ಇದೇ ಮದ್ದು. ಮಿಕ್ಸಿ ಹಾಕಿದಾಗಲೂ ರೌಟರ್ ಆರುತ್ತದೆಯೆಂದರೆ ಪ್ಲಗ್ ಸಡಿಲವಾಗಿರಬಹುದು, ವೈರಿಂಗ್‌ನಲ್ಲಿ ಎಲ್ಲೋ ಜೋಡಣೆ ಸರಿಯಿಲ್ಲದಿರಬಹುದು. ಸಡಿಲ ಜೋಡಣೆ ಬಿಸಿಯಾಗಿ ಬೆಂಕಿಗೂ ಕಾರಣವಾಗುವುದರಿಂದ ಎಲೆಕ್ಟ್ರಿಷಿಯನ್‌ರನ್ನು ಕರೆಸಿ ನೋಡಿಸುವುದನ್ನು ಮುಂದೂಡಬೇಡಿ.

ಮಿಕ್ಸಿಯ ಮೋಟಾರಿನೊಳಗೆ ಕಾರ್ಬನ್ ಬ್ರಷ್ ಉಜ್ಜಿ ಕಿಡಿಯಾಡುವುದರಿಂದ ರೇಡಿಯೋ ಗದ್ದಲ ಹುಟ್ಟುವುದೂ ನಿಜವೇ. ಭದ್ರಾವತಿ ಆಕಾಶವಾಣಿಯನ್ನು ಮಧ್ಯಮ ತರಂಗಾಂತರದಲ್ಲಿ ಕೇಳಿದವರಿಗೆ ಆ ಗರಗರ ಸದ್ದು ನೆನಪಿರುತ್ತದೆ. ಆದರೆ ಅದರ ಹೆಚ್ಚಿನ ಶಕ್ತಿ ಇರುವುದು ಕೆಳಗಿನ ತರಂಗಗಳಲ್ಲಿ, 2.4 ಗಿಗಾಹರ್ಟ್ಸ್‌ವರೆಗೆ ಬರುವಷ್ಟರಲ್ಲಿ ಅದು ವೈ-ಫೈಯನ್ನು ನಿಲ್ಲಿಸುವಷ್ಟು ಉಳಿದಿರುವುದಿಲ್ಲ.

ಪ್ರಶ್ನೆ: ಇಂಡಕ್ಷನ್ ಒಲೆ, ಫ್ರಿಜ್, ಎಲ್‌ಇಡಿ ಬಲ್ಬುಗಳಿಂದಲೂ ವೈ-ಫೈ ಕೆಡುತ್ತದೆ ಎನ್ನುತ್ತಾರೆ, ನಿಜವೇ? (ಓದುಗರು, ಹಿರಿಯೂರು)

ಉತ್ತರ: ಇಂಡಕ್ಷನ್ ಒಲೆ ಕೆಲಸ ಮಾಡುವುದು ಕೆಲವು ಹತ್ತು ಕಿಲೋಹರ್ಟ್ಸ್‌ಗಳಲ್ಲಿ. ವೈ-ಫೈ ಇರುವ ಪಟ್ಟಿಗೂ ಅದಕ್ಕೂ ಲಕ್ಷದ ಮಟ್ಟದ ಅಂತರವಿದೆ, ಆದ್ದರಿಂದ ಅದರ ಬಗ್ಗೆ ಚಿಂತೆ ಬೇಡ. ಫ್ರಿಜ್ ಗದ್ದಲದಿಂದಲ್ಲ, ಗೋಡೆಯಂತೆ ಅಡ್ಡ ನಿಂತು ತೊಂದರೆ ಕೊಡುತ್ತದೆ. ರೌಟರ್ ಮತ್ತು ಫೋನಿನ ನಡುವೆ ಅದು ಬಾರದಂತೆ ನೋಡಿಕೊಂಡರೆ ಸಾಕು. ಒಳ್ಳೆಯ ಎಲ್‌ಇಡಿ ಬಲ್ಬುಗಳಿಂದ ವೈ-ಫೈಗೆ ತೊಂದರೆ ಇಲ್ಲ.

ಪ್ರಶ್ನೆ: ವಿದ್ಯಾನಗರದಲ್ಲಿ ನಾವು ನಾಲ್ವರು ವಿದ್ಯಾರ್ಥಿಗಳು ಬಾಡಿಗೆ ಮನೆಯಲ್ಲಿದ್ದೇವೆ. ಸುತ್ತಲೂ ಪಿ.ಜಿ.ಗಳೇ. ಫೋನ್ ತೆರೆದರೆ ವೈ-ಫೈ ಹೆಸರುಗಳ ಪಟ್ಟಿ ಮುಗಿಯುವುದೇ ಇಲ್ಲ. ರಾತ್ರಿ ಒಂಬತ್ತರ ಮೇಲೆ ವೀಡಿಯೊ ಸುತ್ತುತ್ತಲೇ ಇರುತ್ತದೆ. ಬ್ಲೂಟೂತ್ ಇಯರ್‌ಫೋನ್ ಕೂಡ ಕಡಿಯುತ್ತದೆ. (ವಿದ್ಯಾರ್ಥಿಗಳು, ದಾವಣಗೆರೆ)

ಉತ್ತರ: ಮೊದಲು ಕೇಬಲ್ ಪರೀಕ್ಷೆ ಮಾಡಿ, ಏಕೆಂದರೆ ರಾತ್ರಿ ಹೊತ್ತು ಬಡಾವಣೆಯವರೆಲ್ಲ ಒಟ್ಟಿಗೆ ಬಳಸುವಾಗ ಸಂಪರ್ಕ ಕೊಟ್ಟವರ ಮೂಲದ ಲೈನೇ ಕಿಕ್ಕಿರಿದಿರುವ ಸಾಧ್ಯತೆಯೂ ಇದೆ. ಕೇಬಲ್ಲಿನಲ್ಲಿ ವೇಗ ಸರಿಯಿದ್ದರೆ ನಿಮ್ಮ ತೊಂದರೆ ನೆರೆಮನೆಗಳ ರೌಟರುಗಳದು.

ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಹೆಸರಿಗೆ 13 ಚಾನೆಲ್‌ಗಳಿವೆ. ಆದರೆ ಅವುಗಳ ಮಧ್ಯಬಿಂದುಗಳ ನಡುವಿನ ಅಂತರ 5 ಮೆಗಾಹರ್ಟ್ಸ್ ಮಾತ್ರ, ಒಂದೊಂದು ಸಂಪರ್ಕಕ್ಕೆ ಬೇಕಾಗುವ ಅಗಲ 20 ಮೆಗಾಹರ್ಟ್ಸ್. ಹೀಗಾಗಿ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದದ್ದು 1, 6, 11 ಎಂಬ ಮೂರೇ. ಇಲ್ಲಿ ಅನೇಕರು ತಪ್ಪು ದಾರಿ ಹಿಡಿಯುತ್ತಾರೆ: 1ರಲ್ಲೂ 6ರಲ್ಲೂ ಜನ ತುಂಬಿದ್ದಾರೆ, ನಡುವಿನ 3 ಖಾಲಿ ಇದೆ ಎಂದು ಅದನ್ನು ಆರಿಸುತ್ತಾರೆ. ಒಂದೇ ಚಾನೆಲ್‌ನಲ್ಲಿರುವ ರೌಟರುಗಳು ಒಂದರ ಮಾತನ್ನು ಇನ್ನೊಂದು ಗುರುತಿಸಿ ಸರದಿಯಂತೆ ಕಾಯುತ್ತವೆ. 3ರಲ್ಲಿ ಕುಳಿತವರಿಗೆ 1 ಮತ್ತು 6 ಎರಡೂ ಅರ್ಥವಾಗದ ಗದ್ದಲವಾಗಿ ಕೇಳಿಸುತ್ತವೆ, ಅವರೂ ಆ ಎರಡೂ ಕಡೆಯವರಿಗೆ ಗದ್ದಲವಾಗುತ್ತಾರೆ. ಆದ್ದರಿಂದ 1, 6, 11ರಲ್ಲೇ ಒಂದನ್ನು ಆರಿಸಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ನಿಗದಿಪಡಿಸಿ. 40 ಎಂದು ಹಾಕಿದರೆ ವೇಗ ಎರಡರಷ್ಟಾಗುತ್ತದೆ ಎಂಬ ಆಸೆ ಇಂಥ ಬಡಾವಣೆಯಲ್ಲಿ ಫಲಿಸುವುದಿಲ್ಲ; ಪಟ್ಟಿಯ ಅರ್ಧವನ್ನು ಆಕ್ರಮಿಸಿ ನೆರೆಯವರಿಗೂ ಕಷ್ಟ, ನಿಮಗೂ ಕಷ್ಟ. ಯಾವ ಚಾನೆಲ್ ಹಗುರವಾಗಿದೆ ಎಂಬುದನ್ನು ವೈ-ಫೈ ಅನಲೈಸರ್ ಬಗೆಯ ಆ್ಯಪ್ ಚಿತ್ರದ ರೂಪದಲ್ಲಿ ತೋರಿಸುತ್ತದೆ. ಅದರಲ್ಲಿ ಹೆಸರುಗಳ ಸಂಖ್ಯೆಗಿಂತ ಸಂಕೇತದ ಬಲವನ್ನು ನೋಡಿ (ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು): ಮೈನಸ್ 85ರ ಹತ್ತಿರ ತೋರುವ ಹತ್ತು ಜಾಲಗಳಿಗಿಂತ ಮೈನಸ್ 55 ತೋರುವ, ಸದಾ ವೀಡಿಯೊ ಓಡಿಸುವ ಪಕ್ಕದ ಕೋಣೆಯ ಒಂದೇ ಜಾಲ ಹೆಚ್ಚು ಅಡ್ಡಿ ಮಾಡುತ್ತದೆ. ಸಾಧ್ಯವಾದರೆ ಪಕ್ಕದವರೊಡನೆ ಮಾತನಾಡಿ ಚಾನೆಲ್ ಹಂಚಿಕೊಳ್ಳಿ. ಐದು ನಿಮಿಷದ ಆ ಮಾತುಕತೆಯಿಂದ ಎರಡೂ ಮನೆಗೆ ಲಾಭ.

5 ಗಿಗಾಹರ್ಟ್ಸ್ ನಿಮಗೆ ವರದಾನವೇ ಸರಿ. ಅಲ್ಲಿ ಜಾಗವೂ ವಿಶಾಲ, ಗೋಡೆ ದಾಟುವಾಗ ಆ ಅಲೆ ಬೇಗ ಕ್ಷೀಣಿಸುವುದರಿಂದ ನೆರೆಯವರ ಗದ್ದಲವೂ ಕಡಿಮೆ. ಚಾನೆಲ್ 52 ರಿಂದ 144ರವರೆಗಿನವನ್ನು ರಾಡಾರ್‌ಗಳೂ ಬಳಸುವುದರಿಂದ, ರಾಡಾರ್ ಸಂಕೇತ ಕೇಳಿದೊಡನೆ ರೌಟರ್ ಜಾಗ ಬಿಡಬೇಕಾಗುತ್ತದೆ. 36 ರಿಂದ 48 ಅಥವಾ 149ರ ಮೇಲಿನವನ್ನು ಆರಿಸಿದರೆ ಆ ತಾಪತ್ರಯ ಇರುವುದಿಲ್ಲ.

ಬ್ಲೂಟೂತ್ ಕೂಡ 2.4ರಲ್ಲೇ ಇದೆ. ಅದು ಸೆಕೆಂಡಿಗೆ 1600 ಸಲ ಜಾಗ ಬದಲಿಸುತ್ತಾ, ಗದ್ದಲವಿರುವ ಜಾಗಗಳನ್ನು ಗುರುತಿಸಿ ಬಿಟ್ಟು ಸಾಗುತ್ತದೆ. ಇಡೀ ಪಟ್ಟಿಯೇ ತುಂಬಿದ್ದರೆ ಅದಕ್ಕೂ ದಾರಿ ಸಿಗದು. ಫೋನಿನ ವೈ-ಫೈಯನ್ನು 5ಕ್ಕೆ ಸರಿಸಿದರೆ ಇಯರ್‌ಫೋನಿಗೂ ಉಸಿರಾಡಲು ಎಡೆ ಸಿಗುತ್ತದೆ.

ಪ್ರಶ್ನೆ: ಮಂಡಿಪೇಟೆಯಲ್ಲಿ ಅಂಗಡಿ, ಮೇಲೆಯೇ ಮನೆ. ಹಿಂದೆ ಹಾಕಿಸಿದ್ದ ವೈರ್‌ಲೆಸ್ ಕ್ಯಾಮೆರಾಗಳನ್ನು ಈಗ ಮತ್ತೆ ಬಳಸುತ್ತಿದ್ದೇವೆ. ಅವುಗಳ ಚಿತ್ರ ಬೇರೆ ಪೆಟ್ಟಿಗೆಯ ಮೂಲಕ ಟಿ.ವಿ.ಗೆ ಬರುತ್ತದೆ, ಇಂಟರ್‌ನೆಟ್ ಬೇಕಾಗಿಲ್ಲ. ಆದರೆ ಅಂದಿನಿಂದ ಹಗಲಿರುಳೂ ವೈ-ಫೈ ಸರಿಯಿಲ್ಲ. (ವರ್ತಕರು, ದಾವಣಗೆರೆ)

ಉತ್ತರ: ಓವನ್ ನಿಮಿಷಗಳ ತೊಂದರೆ; ನಿಮ್ಮದು ದಿನವಿಡೀ ಕಾಡುವ ತೊಂದರೆ. ಹಳೆಯ ಬಗೆಯ ಅನಲಾಗ್ ವೈರ್‌ಲೆಸ್ ಕ್ಯಾಮೆರಾಗಳಲ್ಲಿ ಹಲವು 2.4 ಗಿಗಾಹರ್ಟ್ಸ್‌ನಲ್ಲಿ ಎಡೆಬಿಡದೆ ಪ್ರಸಾರ ಮಾಡುತ್ತಿರುತ್ತವೆ. ಅವು ಬೇರೆಯವರ ಮಾತಿಗೆ ಕಾಯುವುದಿಲ್ಲ, ನಿಲ್ಲಿಸುವುದಿಲ್ಲ. ಮೂರು ನಾಲ್ಕು ಕ್ಯಾಮೆರಾಗಳಿದ್ದರೆ ಇಡೀ ಪಟ್ಟಿಯೇ ಅವುಗಳ ಪಾಲಾಗುತ್ತದೆ. ಒಂದೊಂದನ್ನೇ ಪ್ಲಗ್‌ನಿಂದ ತೆಗೆದು ನೋಡಿ; ಯಾವುದನ್ನು ತೆಗೆದಾಗ ವೈ-ಫೈ ಚೇತರಿಸಿಕೊಳ್ಳುತ್ತದೆ ಎಂಬುದು ತಿಳಿಯುತ್ತದೆ. ಇಂಥ ಕ್ಯಾಮೆರಾಗಳ ಚಿತ್ರವನ್ನು ಅದೇ ಬಗೆಯ ಪೆಟ್ಟಿಗೆ ಇರುವ ಯಾರು ಬೇಕಾದರೂ ಹೊರಗಿನಿಂದ ನೋಡಬಲ್ಲರು ಎಂಬುದನ್ನೂ ವ್ಯಾಪಾರಸ್ಥರಾದ ನೀವು ಯೋಚಿಸಬೇಕು. ಒಂದೇ ಕಟ್ಟಡವಾದ್ದರಿಂದ ತಂತಿಯ ಕ್ಯಾಮೆರಾ ಹಾಕಿಸುವುದೇ ಸೂಕ್ತವೆಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಚಿತ್ರದುರ್ಗದ ಕೋಟೆಯ ಸಮೀಪದಲ್ಲಿ ನಮ್ಮ ಹಿರಿಯರ ಕಾಲದ ಕಲ್ಲು ಮಣ್ಣಿನ ಮನೆ, ಗೋಡೆಗಳು ಎರಡಡಿ ದಪ್ಪ. 5 ಗಿಗಾಹರ್ಟ್ಸ್‌ಗೆ ಹಾಕಿದರೆ ಒಳಕೋಣೆಗೆ ಸಿಗ್ನಲ್ ಬರುವುದಿಲ್ಲ, 2.4ಕ್ಕೆ ಹಾಕಿದರೆ ಅಡುಗೆಮನೆಯ ಓವನ್ ಕಾಟ. ರಿಪೀಟರ್ ಹಾಕಿದರೂ ಅಷ್ಟಕ್ಕಷ್ಟೇ. ಹಿತ್ತಲಿನಲ್ಲಿ ತಮ್ಮನ ಮನೆಗೂ ಸಂಪರ್ಕ ಕೊಡಬೇಕಿದೆ. (ಓದುಗರು, ಚಿತ್ರದುರ್ಗ)

ಉತ್ತರ: ರಿಪೀಟರ್ ತಾನು ಕೇಳಿಸಿಕೊಂಡದ್ದನ್ನೇ ಮತ್ತೆ ಹೇಳುತ್ತದೆ. ಒಂದೇ ಪಟ್ಟಿಯಲ್ಲಿ ಕೇಳುವುದೂ ಹೇಳುವುದೂ ನಡೆಯಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಿಗ್ನಲ್ ಬಾರದ ಒಳಕೋಣೆಯಲ್ಲೇ ಅದನ್ನು ಇಟ್ಟಿದ್ದರೆ ಅದಕ್ಕೇ ಸರಿಯಾಗಿ ಕೇಳಿಸಿರುವುದಿಲ್ಲ. ನಿಮ್ಮಂಥ ಮನೆಗೆ ಸರಿಯಾದ ಉಪಾಯ ತಂತಿಯೇ. ರೌಟರಿನಿಂದ ಒಳಕೋಣೆಗೆ ಒಂದು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆಸಿ, ಅದರ ತುದಿಗೆ ಆ ತಂತಿಯಿಂದ ಹೊಸದಾಗಿ ವೈ-ಫೈ ಹರಡುವ ಆಕ್ಸೆಸ್ ಪಾಯಿಂಟ್ ಜೋಡಿಸಿ, ಎರಡೂ ಕಡೆ 5 ಗಿಗಾಹರ್ಟ್ಸ್ ಬಳಸಿ. ಬಹಳಷ್ಟು ಹಳೆಯ ರೌಟರುಗಳಲ್ಲಿ ಆಕ್ಸೆಸ್ ಪಾಯಿಂಟ್ ಆಗಿ ಬದಲಾಯಿಸುವ ಆಯ್ಕೆ ಇರುವುದರಿಂದ ಮನೆಯ ಮೂಲೆಯಲ್ಲಿ ಬಿದ್ದಿರುವುದನ್ನೇ ಬಳಸಬಹುದೇ ಎಂದು ಮೊದಲು ನೋಡಿ. ಈ ಕೇಬಲ್ 100 ಮೀಟರ್ ದೂರದವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸಬಲ್ಲದು. ಮಣ್ಣಿನ ಗೋಡೆಯನ್ನು ಕೊರೆಯಬೇಕಾಗಿಲ್ಲ. ಬಾಗಿಲ ಚೌಕಟ್ಟಿನ ಮೇಲಿನಿಂದ, ತೊಲೆಗಳ ಬದಿಯಿಂದ ಪ್ಲಾಸ್ಟಿಕ್ ಪಟ್ಟಿಯೊಳಗೆ ಒಯ್ದರೆ ಮನೆಯ ಅಂದವೂ ಕೆಡುವುದಿಲ್ಲ. ಕರೆಂಟಿನ ವೈರು ಇರುವ ಪೈಪಿನೊಳಗೆ ಮಾತ್ರ ಇದನ್ನು ತೂರಿಸಬಾರದು.

ಹಿತ್ತಲಿನ ಮನೆಯ ವಿಷಯ ಬೇರೆ. ಎರಡು ಕಟ್ಟಡಗಳ ನಡುವೆ ತೆರೆದ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆಯುವುದು ಬೇಡ. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿನ ಮಳೆ ನಿಮ್ಮ ಕಡೆ ಹೇಗಿರುತ್ತದೆ ಎಂಬುದು ನಿಮಗೇ ಗೊತ್ತು; ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೂ ಆ ತಂತಿಯಲ್ಲಿ ಹುಟ್ಟುವ ವಿದ್ಯುತ್ ಅಲೆ ಎರಡೂ ಮನೆಯ ಸಾಧನಗಳನ್ನು ಸುಟ್ಟುಬಿಡಬಲ್ಲದು. ಅಲ್ಲಿಗೆ ಲೋಹದ ಎಳೆಯಿಲ್ಲದ ಫೈಬರ್ ಕೇಬಲ್ ಎಳೆಸಿ, ಎರಡೂ ತುದಿಗೆ ಫೈಬರಿನ ಬೆಳಕಿನ ಸಂಕೇತವನ್ನು ಲ್ಯಾನ್ ಕೇಬಲ್ಲಿಗೆ ಹೊಂದಿಸುವ ಮೀಡಿಯಾ ಕನ್ವರ್ಟರ್ ಹಾಕಿಸಿ. ಊರಿನಲ್ಲಿ ಫೈಬರ್ ಸಂಪರ್ಕ ಹಾಕುವವರೇ ಇದನ್ನು ಮಾಡಿಕೊಡುತ್ತಾರೆ. ಕೇಬಲ್ ಕೊಳ್ಳುವಾಗ ಎಳೆ ಬಿಗಿಯಲು ಒಳಗೆ ಉಕ್ಕಿನ ತಂತಿ ಸೇರಿಸಿರುವುದನ್ನು ಬಿಟ್ಟು, ನಾರಿನ ಅಥವಾ ಪ್ಲಾಸ್ಟಿಕ್ ಆಧಾರ ಇರುವುದನ್ನೇ ಕೇಳಿ ಪಡೆಯಿರಿ.